ಸೀಸೆಗಳಿಗೆ ಬಳೆ ತೊಡಿಸಿದವಳು

ಸೀಸೆಗೆ ಬಾಯಿ ಇದೆ, ಕೊರಳಿದೆ, ಹೊಟ್ಟೆಯೂ ಇದೆ. ಹಾಗಿದ್ದ ಮೇಲೆ ತನ್ನ ಹೊಟ್ಟೆಯಲ್ಲಿರುವುದು ಏನೆಂದು ಅದೇ ಯಾಕೆ ಹೇಳಬಾರದು? ಹಾಲುಗುಂಡಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಸಭೆಯಲ್ಲಿ ಡಾ. ವಿಲ್ಮಾ ಕ್ರಾಸ್ತಾ ಈ ಪ್ರಶ್ನೆ ಕೇಳಿದಾಗ ಎಲ್ಲರೂ ನಕ್ಕರು. ನಗದೆ ಇದ್ದವಳು ಒಬ್ಬಳೇ, ಉಗ್ರಾಣ ನೋಡಿಕೊಳ್ಳುವ ವನಜಾಕ್ಷಿ. ಹಿಂದಿನ ವಾರವಷ್ಟೇ ಅಟೆಂಡರ್ ಕರಿಬಸಪ್ಪ ‘ನೀರು’ ಎಂದು ಚೀಟಿ ಅಂಟಿಸಿದ್ದ ಸೀಸೆಯೊಂದನ್ನು ತೊಳೆಯಲೆಂದು ಮುಚ್ಚಳ ತಿರುಗಿಸಿದ್ದ. ಒಳಗಿದ್ದದ್ದು ನೀರಾಗಿರಲಿಲ್ಲ. ಅವನ ಬಲಗಣ್ಣು ಹೋಯಿತು. ಆಂಬುಲೆನ್ಸಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕಣ್ಣಿಗೆ ನೀರು ಸುರಿಯುತ್ತಾ ಹೋದವಳು ವನಜಾಕ್ಷಿ. ಅವತ್ತಿನಿಂದ ಅವಳಿಗೆ ಇದ್ದದ್ದು ಒಂದೇ ಹಂಬಲ. ಈ ಕಟ್ಟಡಕ್ಕೆ ಬೆಳಿಗ್ಗೆ ಬಂದ ಮಕ್ಕಳೆಲ್ಲ ಬಂದ ಹಾಗೆಯೇ ಸಂಜೆ ಮನೆಗೆ ಹೋಗಬೇಕು.

ವಿಲ್ಮಾ ಮಂಗಳೂರಿನವರು, ಹಿಡಿದದ್ದನ್ನು ಬಿಡುವವರಲ್ಲ. ಆರು ವರ್ಷ ತಿಣುಕಿ, ಎರಡು ಸಾವಿರದ ನಲವತ್ತಮೂರರ ಯುಗಾದಿಯ ಹೊತ್ತಿಗೆ ಬಳೆ ತಯಾರು ಮಾಡಿದರು. ನೋಡಲು ಥೇಟ್ ಹಸಿರು ಗಾಜಿನ ಬಳೆ. ಸೀಸೆಯ ತಲೆಯ ಮೇಲಿಂದ ಇಳಿಸಿದರೆ ಕೊರಳು ದಾಟಿ ಹೆಗಲ ಮೇಲೆ ಕೂರುತ್ತದೆ. ಟೊಳ್ಳು ಗಾಜಿನೊಳಗೆ ಕಣ್ಣಿಗೆ ಕಾಣದಷ್ಟು ತೆಳು ಪದರಗಳು. ಮುಚ್ಚಳ ಎಷ್ಟೇ ಬಿಗಿಯಿದ್ದರೂ ಸಂದಿಯಲ್ಲಿ ನುಸುಳುವ ಆವಿಯನ್ನು ಅವು ಮೂಸುತ್ತವೆ, ಸೀಸೆಯ ಬಿಸಿಯನ್ನೂ ನಡುಕವನ್ನೂ ಅಳೆಯುತ್ತವೆ. ತೊಡಿಸಿದ ದಿನ ಸೀಸೆಯಲ್ಲಿ ಏನಿತ್ತೋ ಅದನ್ನು ನೆನಪಿಟ್ಟುಕೊಂಡು ಬಳೆ ಹಸಿರಾಗಿರುತ್ತದೆ. ಆಮೇಲೆ ಅದರ ಕುಲದ್ದಲ್ಲದ ಬೇರೇನಾದರೂ ಒಳಗೆ ಬಿದ್ದರೆ ಹಳದಿ. ಒಳಗಿನದು ತಾನಾಗಿ ಕಾಯತೊಡಗಿದರೆ, ಅನಿಲ ಉಬ್ಬತೊಡಗಿದರೆ ಕೆಂಪು. ಕೆಂಪಾಗುವುದಕ್ಕೆ ಬಳೆಗೆ ಹಳೆಯ ನೆನಪೇನೂ ಬೇಕಿಲ್ಲ. ಕೆಂಪು ಕಂಡವರು ಮಾತ್ರ ಪ್ರಶ್ನೆ ಕೇಳದೆ ಹೊರಗೆ ಓಡಬೇಕು.

ಈ ಬಳೆ ತೊಡಿಸುವ ಕೆಲಸಕ್ಕೆ ವನಜಾಕ್ಷಿಗಿಂತ ತಕ್ಕವರು ಯಾರು? ಅವಳು ಹುಟ್ಟಿದ್ದೇ ಬಳೆಗಾರರ ಮನೆಯಲ್ಲಿ. ಅಪ್ಪ ಬಳೆಯ ಮಲಾರ ಹೆಗಲಿಗೇರಿಸಿ ಊರೂರು ತಿರುಗಿದವರು, ಗಂಡ ಗೋವಿಂದಪ್ಪ ಪೇಟೆ ಬೀದಿಯಲ್ಲಿ ಬಳೆ ಅಂಗಡಿ ಇಟ್ಟವನು. ವಿಭಾಗದ ಸಾವಿರದ ನಾನೂರ ಹನ್ನೆರಡು ಸೀಸೆಗಳಿಗೂ ಮೊದಲ ಬಳೆ ತೊಡಿಸಿದ್ದು ಅವಳೇ. ಒಂದೊಂದಕ್ಕೂ ತೊಡಿಸುವಾಗ ‘ನೂರು ವರ್ಷ ತಣ್ಣಗಿರು ತಾಯಿ’ ಎಂದು ಹರಸುತ್ತಿದ್ದಳು. ವಿಲ್ಮಾಗೆ ಇದು ಅತಿ ಎನಿಸಿದರೂ ಸುಮ್ಮನಿದ್ದರು.

ಎಲ್ಲ ಬಳೆಗಳೂ ತಮ್ಮ ಬಣ್ಣವನ್ನು ನೆಲಮಹಡಿಯ ನಿಯಂತ್ರಣ ಕೊಠಡಿಗೆ ಹೇಳುತ್ತಿದ್ದವು. ಅಲ್ಲಿನ ಗೋಡೆಯಗಲದ ಪರದೆಯ ಮೇಲೆ ಒಂದು ಸೀಸೆಗೆ ಒಂದು ಚುಕ್ಕೆ. ಮೊದಲ ತಿಂಗಳು ದಿನಕ್ಕೆ ನಾಲ್ಕೈದು ಹಳದಿ ಕಾಣಿಸಿದವು. ಆಗ ಎದ್ದರು ನೋಡಿ ವಿಭಾಗದ ಮುಖ್ಯಸ್ಥರು, ಪ್ರೊಫೆಸರ್ ತಿಪ್ಪೇರುದ್ರಪ್ಪ. ಶಿಸ್ತಿನ ಮನುಷ್ಯ, ಅಂಗಿಯ ಕೊರಳ ಗುಂಡಿಯನ್ನೂ ಬಿಡದೆ ಹಾಕುವವರು. ಅವರ ನಿಯಮ ಬಂತು. ಹಳದಿಯಾದ ಪ್ರಯೋಗಾಲಯಕ್ಕೆ ಮೂರು ದಿನ ಬೀಗ. ತಪ್ಪು ಮಾಡಿದವರು ಹನ್ನೆರಡು ಪುಟದ ಅರ್ಜಿ ತುಂಬಬೇಕು. ಅವರ ಹೆಸರು ಫೋಟೋ ಸಮೇತ ಬಾಗಿಲ ಬಳಿಯ ಹಲಗೆಯ ಮೇಲೆ. ನಿಯಮ ಬಂದ ಮೂರೇ ವಾರಕ್ಕೆ ಹಳದಿ ಮಾಯವಾಯಿತು. ಹತ್ತು ದಿನ, ಐವತ್ತು ದಿನ, ತೊಂಬತ್ತು ದಿನ, ಪರದೆಯ ತುಂಬ ಬರೀ ಹಸಿರು. ನೂರು ದಿನ ತುಂಬಿದರೆ ದೇಶದ ಎಲ್ಲ ವಿಶ್ವವಿದ್ಯಾಲಯಗಳಿಗೂ ಬಳೆ ಕೊಡಿಸುವುದಾಗಿ ದೆಹಲಿಯ ಸಮಿತಿ ಒಪ್ಪಿತು.

ವಿಲ್ಮಾ ಖುಷಿಯಲ್ಲಿ ನೆಲದ ಮೇಲೆ ಕಾಲೂರುತ್ತಿರಲಿಲ್ಲ. ವನಜಾಕ್ಷಿಗೆ ಮಾತ್ರ ಒಳಗೊಳಗೇ ಏನೋ ಕೊರೆತ. ಎರಡು ಮಕ್ಕಳನ್ನು ಸಾಕಿದವಳು ಅವಳು. ಮನೆಯಲ್ಲಿ ಮಕ್ಕಳ ಸದ್ದೇ ಇಲ್ಲವೆಂದರೆ ಅವು ಸುಮ್ಮನಿವೆ ಎಂದು ಯಾವ ತಾಯಿಯೂ ನಂಬುವುದಿಲ್ಲ.

ತೊಂಬತ್ತೊಂಬತ್ತನೆಯ ದಿನದ ಸಂಜೆ ಗೋವಿಂದಪ್ಪ ಅಂಗಡಿಯಿಂದ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದ. ಅವನ ಮುಖ ಅರಳಿತ್ತು.

“ಹಾಲುಗುಂಡೀಲಿ ಪ್ರೀತಿ ಪ್ರೇಮ ಉಕ್ಕಿ ಹರೀತಾ ಇದೆ ಕಣೇ,” ಎಂದ ಈರುಳ್ಳಿ ಹೆಚ್ಚುತ್ತಾ. “ಮೂರು ತಿಂಗಳಿಂದ ನಮ್ಮಂಗಡಿಗೆ ಹೆಂಗಸ್ರಿಗಿಂತ ಗಂಡುಹುಡುಗ್ರೇ ಜಾಸ್ತಿ.”

“ಯಾವ ಹುಡುಗ್ರು?”

“ನಿಮ್ಮ ಯೂನಿವರ್ಸಿಟಿಯೋರೇ. ಕೊರಳಲ್ಲಿ ಗುರುತಿನ ಚೀಟಿ ನೇತಾಡ್ತಿರುತ್ತಲ್ಲ. ಎಲ್ಲಾರ್ಗೂ ಹಸಿರು ಬಳೇನೇ ಬೇಕು. ಹೆಂಡ್ರ ಸೀಮಂತಕ್ಕೇನೋ ಅಂದ್ಕೊಂಡೆ. ಆದ್ರೆ ಡಜನ್ ತಗೊಳಲ್ಲ, ಒಂದೋ ಎರಡೋ ತಗೊಂಡು ಹೋಗ್ತಾರೆ. ಒಂಟಿ ಬಳೆ ಯಾರಾದ್ರೂ ಕೊಳ್ತಾರೇನೇ?”

ವನಜಾಕ್ಷಿ ಮಂಡಕ್ಕಿಗೆ ಕೈ ಹಾಕಿದವಳು ಹಾಗೇ ಕೂತಳು.

“ಅಳತೆ ಎಷ್ಟು ಕೇಳಿದ್ರು?”

“ಅದೇ ತಮಾಷೆ ಅನ್ನೋದು! ಒಬ್ಬೊಬ್ಬರ ಹುಡುಗಿ ಕೈ ಒಂದೊಂದು ಥರ ಇರ್ಬೇಕೋ ಬೇಡ್ವೋ? ಇವರೆಲ್ಲಾರ್ದೂ ಒಂದೇ ಅಳತೆ, ಎರಡು ಹತ್ತು. ಎರಡು ಹತ್ತು ಅಂದ್ರೆ ಪೈಲ್ವಾನನ ಹೆಂಡ್ತಿಗೂ ದೊಗಲೆ ಆಗುತ್ತೆ. ಚೀಲದಲ್ಲಿದ್ದ ಹಳೇ ಮಾಲೆಲ್ಲಾ ಖಾಲಿ ಆಗೋಯ್ತು ನೋಡು!”

“ಅಯ್ಯೋ ನಿಮ್ಮ ವ್ಯಾಪಾರಕ್ಕಿಷ್ಟು ಬೆಂಕಿ ಹಾಕ,” ಎಂದು ಎದ್ದಳು ವನಜಾಕ್ಷಿ. “ಅದು ಹೆಂಗಸ್ರ ಕೈ ಅಳತೆ ಅಲ್ಲ ರೀ. ನಾಲ್ಕು ಲೀಟರಿನ ಸೀಸೆ ಕೊರಳಿನ ಅಳತೆ.”

ಗೋವಿಂದಪ್ಪ ಹೆಚ್ಚುತ್ತಿದ್ದ ಈರುಳ್ಳಿ ಬದಿಗಿಟ್ಟ. ಅವಳು ಅಷ್ಟರಲ್ಲಿ ವಿಲ್ಮಾಗೆ ಫೋನ್ ಹಚ್ಚಿದ್ದಳು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಮೂರನೇ ಕೋಣೆಗೆ ನುಗ್ಗಿದರು. ಮೇಜಿನ ಮೇಲಿದ್ದ ತ್ಯಾಜ್ಯದ ಸೀಸೆಯ ಬಳೆ ಹಸಿರಾಗಿ ಹೊಳೆಯುತ್ತಿತ್ತು. ವನಜಾಕ್ಷಿ ಬಗ್ಗಿ ಅದನ್ನು ಬೆರಳಿಂದ ಒಂದು ಸುತ್ತು ತಿರುಗಿಸಿದಳು.

“ಇಲ್ನೋಡಿ ಮೇಡಂ, ಬೆಸುಗೆ. ಗಾಜಿನ ಕಡ್ಡಿ ಬಗ್ಗಿಸಿ ಎರಡು ತುದಿ ಸೇರಿಸಿದ ಜಾಗ. ಪೇಟೆ ಬಳೇಲಿ ಇದು ಇದ್ದೇ ಇರುತ್ತೆ. ನಿಮ್ಮ ಬಳೇಲಿ ಇಲ್ಲ.”

“ಹಾಗಾದ್ರೆ ನನ್ನ ಬಳೆ ಎಲ್ಲುಂಟು? ಕೆಳಗೆ ಪರದೆ ಮೇಲೆ ಇದರ ಚುಕ್ಕೆ ಹಸಿರು ಉಂಟಲ್ಲ ಮಾರಾಯ್ರೆ!”

ಹತ್ತು ನಿಮಿಷ ಹುಡುಕಿದ ಮೇಲೆ ಸಿಕ್ಕಿತು. ಬೀರುವಿನ ಹಿಂದಿನ ಸಾಲಿನಲ್ಲಿ, ರಟ್ಟಿನ ಪೆಟ್ಟಿಗೆಗಳ ಮರೆಯಲ್ಲಿ, ಒಂದು ಸೀಸೆ ತುಂಬ ಬಾವಿಯ ನೀರು. ಅದರ ಕೊರಳಲ್ಲಿ ವಿಲ್ಮಾರ ಆರು ವರ್ಷದ ದುಡಿಮೆ ತಣ್ಣಗೆ ಹಸಿರಾಗಿ ಕೂತಿತ್ತು. ಹೊಸ ಸೀಸೆಗೆಂದು ಉಗ್ರಾಣದಿಂದ ಬಳೆ ಪಡೆದವರು ಅದನ್ನು ಮೊದಲ ದಿನವೇ ನೀರಿಗೆ ತೊಡಿಸಿದ್ದರು. ನೀರಿಗೆ ಏನಾಗಬೇಕು? ಅದು ನೂರು ವರ್ಷವೂ ಹಸಿರೇ. ನಿಜವಾದ ವಿಷಕ್ಕೆ ಗೋವಿಂದಪ್ಪನ ಅಂಗಡಿಯ ಬಳೆ. ತುಂಬಿದ ಸೀಸೆ ತ್ಯಾಜ್ಯ ಒಯ್ಯುವ ಲಾರಿಗೆ ಹೋಗುವ ಮುನ್ನ ಬಳೆ ಬಿಚ್ಚಿ ಉಗ್ರಾಣಕ್ಕೆ ಮರಳಿಸುವುದು ಪದ್ಧತಿ, ಹಾಗಾಗಿ ವನಜಾಕ್ಷಿಯ ಕೈಗೆ ಬರುತ್ತಿದ್ದದ್ದು ಯಾವಾಗಲೂ ಅಸಲಿಯೇ.

ವಿಲ್ಮಾ ಸ್ಟೂಲಿನ ಮೇಲೆ ಕುಸಿದು ಕೂತರು. “ನೂರು ದಿನ ನಾನು ನೀರನ್ನು ಕಾದದ್ದಾ?” ಎಂದರು.  ವನಜಾಕ್ಷಿಗೆ ಕನಿಕರವಾಯಿತು, ಆದರೆ ಕನಿಕರಕ್ಕೆ ಅದು ಹೊತ್ತಾಗಿರಲಿಲ್ಲ. ಬಳೆಯಿಲ್ಲದ ಸೀಸೆ ಇನ್ನೆಷ್ಟಿವೆಯೋ, ಅವುಗಳ ಹೊಟ್ಟೆಯಲ್ಲಿ ಏನಿದೆಯೋ.

ಮುಖ್ಯಸ್ಥರು ನೂರನೇ ದಿನದ ಸಮಾರಂಭಕ್ಕೆಂದು ಒಂಬತ್ತನೇ ಕೋಣೆಯ ಬಾಗಿಲಿಗೆ ತೋರಣ ಕಟ್ಟಿಸುತ್ತಾ ನಿಂತಿದ್ದರು. ಸುದ್ದಿ ಕೇಳಿ ಅವರ ಮುಖ ಕೆಂಪಾಯಿತು.

“ಹನ್ನೊಂದಕ್ಕೆ ಕುಲಪತಿಗಳು ಬರುತ್ತಾರೆ, ದೆಹಲಿಯವರು ಬರುತ್ತಾರೆ. ಈಗ ಹೇಳುತ್ತೀರಲ್ಲ! ಕಾರ್ಯಕ್ರಮ ಮುಗಿಯಲಿ. ಮಧ್ಯಾಹ್ನ ಪಟ್ಟಿ ಮಾಡಿ, ಒಬ್ಬೊಬ್ಬರನ್ನೂ ಹಲಗೆಗೆ ಏರಿಸುತ್ತೇನೆ.”

“ಸಾರ್, ಮಧ್ಯಾಹ್ನದ ತನಕ ಕಾಯ್ಬೇಕು ಅಂತ ಸೀಸೆಗೆ ಗೊತ್ತಿರಲ್ಲ,” ಎಂದಳು ವನಜಾಕ್ಷಿ.

“ಇನ್ನೆರಡು ಗಂಟೆ, ಅಷ್ಟೇ. ಹೋಗಿ ಕೆಲಸ ನೋಡಿ.”

ಅವಳು ಹೋದಳು. ಹೋಗಿ ನೋಡಿದ್ದು ತನ್ನ ಕೆಲಸವನ್ನೇ. ಉಗ್ರಾಣದಲ್ಲಿ ಉಳಿದಿದ್ದ ಅಸಲಿ ಬಳೆಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಕಂಕುಳಿಗೆ ಇರುಕಿಸಿಕೊಂಡಳು. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದಿನಿಂದ ವಿಲ್ಮಾ ಬಂದು ಬುಟ್ಟಿಯ ಇನ್ನೊಂದು ಬದಿ ಹಿಡಿದರು. “ಬನ್ನಿ, ಒಂದನೇ ಕೋಣೆಯಿಂದ ಶುರು ಮಾಡುವ,” ಎಂದರು.

ಕೆಲಸ ಸರಳವಾಗಿತ್ತು. ಬೆಸುಗೆ ಕಂಡ ಬಳೆ ತೆಗೆ, ಅಸಲಿ ತೊಡಿಸು, ಹತ್ತು ಎಣಿಸು, ಕೆಂಪಾಗದಿದ್ದರೆ ಮುಂದೆ ಹೋಗು. ಎಂಟು ಕೋಣೆ ಮುಗಿಯುವಾಗ ಬುಟ್ಟಿಯಲ್ಲಿ ಮೂವತ್ತೊಂದು ಪೇಟೆ ಬಳೆಗಳು ಸೇರಿದ್ದವು. ಪುಣ್ಯಕ್ಕೆ, ತೊಡಿಸಿದ ಅಸಲಿಗಳಲ್ಲಿ ಒಂದೂ ಕೆಂಪಾಗಿರಲಿಲ್ಲ. ಗಡಿಯಾರ ಮಾತ್ರ ಹನ್ನೊಂದಾಗಲು ಐದು ನಿಮಿಷ ತೋರಿಸುತ್ತಿತ್ತು.

ಒಂಬತ್ತನೇ ಕೋಣೆಯಲ್ಲಿ ಆಗಲೇ ನಲವತ್ತು ಜನ. ಕುಲಪತಿಗಳಿಗೆ ಶಾಲು ಹೊದಿಸಿ ಆಗಿತ್ತು. ದೆಹಲಿಯ ಸಮಿತಿಯ ಹಿರಿಯರೊಬ್ಬರು ಎಲ್ಲವನ್ನೂ ಫೋಟೋ ಹೊಡೆದುಕೊಳ್ಳುತ್ತಿದ್ದರು. ಗೋಡೆಯ ಬದಿಯಲ್ಲಿದ್ದ ಹೊಗೆಗೂಡಿಗೆ, ಅಂದರೆ ವಿಷದ ಆವಿಯನ್ನು ಕೊಳವೆಯಲ್ಲಿ ಮೇಲೆಳೆದುಕೊಳ್ಳುವ ಗಾಜಿನ ಗೂಡಿಗೆ, ಮದುಮಗಳಂತೆ ಶೃಂಗಾರ ಮಾಡಿದ್ದರು. ಅದರ ಮುಂದಿನ ಜಾರುಗಾಜನ್ನು ಪೂರ್ತಿ ಮೇಲೇರಿಸಿ, ಅದಕ್ಕೆ ಚೆಂಡುಹೂವಿನ ದಪ್ಪ ಹಾರ ಬಿಗಿದಿದ್ದರು. ಗೂಡಿನೊಳಗೆ ಒಂದೇ ಒಂದು ಕಂದುಬಣ್ಣದ ದೊಡ್ಡ ಸೀಸೆ, ಹಸಿರು ಬಳೆ ತೊಟ್ಟು ಅಚ್ಚುಕಟ್ಟಾಗಿ ನಿಂತಿತ್ತು.

ಪಕ್ಕದಲ್ಲಿ ನಿಂತಿದ್ದವನು ಸಂಶೋಧನಾ ವಿದ್ಯಾರ್ಥಿ ಗುರುಬಸವ, ಕೊಪ್ಪಳದ ಕಡೆಯವನು. ವನಜಾಕ್ಷಿಯ ಬುಟ್ಟಿ ನೋಡುತ್ತಲೇ ಅವನ ಬಣ್ಣ ಇಳಿಯಿತು.

“ಬ್ಯಾಡ್ರೀ ಮೇಡಂ,” ಎಂದು ಪಿಸುಗುಟ್ಟಿದ. “ಇವತ್ತೊಂದಿನ ಬಿಟ್ಟುಬಿಡ್ರಿ. ನಾಳೆ ನಾನs ಬಂದು ಎಲ್ಲಾ ಹೇಳ್ತೀನಿ.”

ಅವಳು ಸೀಸೆಯ ಕೊರಳಿಂದ ಅವನ ಬಳೆಯನ್ನು ಎತ್ತಿ, ತನ್ನದನ್ನು ಇಳಿಸಿದಳು. ಬೆರಳಿಗೆ ಸೀಸೆಯ ಹೆಗಲು ಬೆಚ್ಚಗೆ ತಾಗಿತು. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಬಳೆ ಹಳದಿಯ ಹತ್ತಿರಕ್ಕೂ ಹೋಗದೆ ನೆಟ್ಟಗೆ ಕೆಂಪಾಯಿತು.

ಕುಲಪತಿಗಳು ಚಪ್ಪಾಳೆ ತಟ್ಟಿದರು. ಬಣ್ಣ ಬದಲಾಗುವುದನ್ನು ತಮಗಾಗಿ ತೋರಿಸುತ್ತಿದ್ದಾರೆ ಎಂದು ಅವರು ತಿಳಿದಿದ್ದರು. ಅವರು ತಟ್ಟಿದ ಮೇಲೆ ಉಳಿದವರು ತಟ್ಟದೆ ಇರುತ್ತಾರೆಯೇ, ನಲವತ್ತು ಜನವೂ ತಟ್ಟಿದರು.

ಬಳೆಗಾರನ ಮಗಳು ಊರ ಬಾಗಿಲಲ್ಲಿ ನಿಂತು ಕೂಗಿದರೆ ಕೆರೆ ಏರಿಯ ತನಕ ಕೇಳಬೇಕು. ಮೂವತ್ತು ವರ್ಷದಿಂದ ಕಟ್ಟಿಟ್ಟಿದ್ದ ಆ ಗಂಟಲನ್ನು ವನಜಾಕ್ಷಿ ಬಿಚ್ಚಿದಳು. “ಎಲ್ಲಾರೂ ಹೊರಗೆ! ಇದು ನಾಟಕ ಅಲ್ಲ, ಸೀಸೆ ಸಿಡಿಯುತ್ತೆ! ಓಡಿ!”

ವಿಲ್ಮಾ ಕುಲಪತಿಗಳ ಶಾಲು ಹಿಡಿದೇ ಬಾಗಿಲ ಕಡೆ ಎಳೆದರು. ಮುಖ್ಯಸ್ಥರು ಒಂದು ಕ್ಷಣ ಕೆಂಪು ಬಳೆಯನ್ನು ದಿಟ್ಟಿಸಿ, ಮರುಕ್ಷಣವೇ ಹುಡುಗರನ್ನು ಎರಡೂ ಕೈಯಿಂದ ದೂಡತೊಡಗಿದರು. ವನಜಾಕ್ಷಿ ಜಾರುಗಾಜಿಗೆ ಜೋತುಬಿದ್ದಳು. ಅದು ಇಳಿದರೆ ಸಿಡಿದದ್ದೆಲ್ಲ ಗೂಡಿನೊಳಗೇ ಉಳಿಯುತ್ತದೆ. ಆದರೆ ಇಳಿಯಬೇಕಲ್ಲ, ಹಾರ ಕಟ್ಟಿದ ನೈಲಾನ್ ದಾರ ಅದನ್ನು ಮೇಲೇ ಹಿಡಿದುಬಿಟ್ಟಿತ್ತು. ಗುರುಬಸವ ಬಾಗಿಲ ತನಕ ಓಡಿದವನು ತಿರುಗಿ ಬಂದ. ಸ್ಟೂಲು ಹತ್ತಿ, ದಾರವನ್ನು ಹಲ್ಲಿನಿಂದ ಕಚ್ಚಿ ಹರಿದ. ಹಾರದ ಸಮೇತ ಗಾಜು ಧಡಕ್ಕನೆ ಕೆಳಗಿಳಿಯಿತು. ಇಬ್ಬರೂ ಕೈ ಕೈ ಹಿಡಿದು ಹೊರಗೋಡಿ ಬಾಗಿಲೆಳೆದುಕೊಂಡರು.

ಮೊಗಸಾಲೆಯ ಕೊನೆ ಮುಟ್ಟುವಷ್ಟರಲ್ಲಿ ‘ಢಂ’ ಎಂದಿತು. ಸದ್ದಡಗಿದ ಮೇಲೆ ಬಾಗಿಲ ಕಿಂಡಿಯಿಂದ ನೋಡಿದಾಗ ಜಾರುಗಾಜು ಉದ್ದಕ್ಕೂ ಸೀಳಿತ್ತು, ಆದರೆ ತನ್ನ ಜಾಗದಲ್ಲೇ ನಿಂತಿತ್ತು. ಅದರ ಹಿಂದೆ ಕಂದುಹೊಗೆ ಸುರುಳಿ ಸುರುಳಿಯಾಗಿ ಕೊಳವೆಯ ಕಡೆಗೆ ಏರುತ್ತಿತ್ತು.

ಅಂಗಳದ ಹೊಂಗೆಮರದ ಕೆಳಗೆ ತಲೆ ಎಣಿಸಿದರು. ಎಲ್ಲರೂ ಇದ್ದರು. ವನಜಾಕ್ಷಿ ಇನ್ನೊಂದು ಸಲ ಎಣಿಸಿದಳು, ಒಬ್ಬೊಬ್ಬರ ಎರಡೆರಡು ಕಣ್ಣನ್ನೂ ನೋಡಿ ಎಣಿಸಿದಳು. ಆಮೇಲೆ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟಳು.

ಮುಖ್ಯಸ್ಥರಿಗೆ ಈಗ ಸಿಟ್ಟು ಏರಿತು. “ಗುರುಬಸವ! ಏನು ಸುರಿದೆ ಅದರಲ್ಲಿ?”

“ನಿನ್ನೆ ಎಲ್ಲಾ ಸ್ವಚ್ಛ ಮಾಡೋ ಮುಂದ, ಅರ್ಧ ಅರ್ಧ ಇದ್ದ ಸ್ಪಿರಿಟ್ಟಿನ ಸೀಸೆಗಳ್ನ ಒಂದರಾಗ ಕೂಡಿಸಿದ್ನಿರಿ, ನೋಡಾಕ ಚಂದ ಇರ್ಲಿ ಅಂತ. ಇವತ್ತು ಮುಂಜಾನೆ ಗಾಜಿನ ಸಾಮಾನು ಬೆಳಗಿದ ನೈಟ್ರಿಕ್ ಆಸಿಡ್ ಒಂದೀಟು ಉಳೀತ್ರಿ. ಸಾಹೇಬ್ರು ಬರೋ ಹೊತ್ತಾತು, ಎಲ್ಲಿ ಇಡ್ಲಿ ಅಂತ ತಿಳೀಲಿಲ್ಲ. ಅದರಾಗs ಸುರುವಿ ಮುಚ್ಚಳ ಬಿಗದ್ನಿರಿ.”

ಹಬ್ಬದ ಹಿಂದಿನ ದಿನ ಡಬ್ಬಿಗಳ ತಳದಲ್ಲಿ ಉಳಿದ ಬೇಳೆಯನ್ನೆಲ್ಲ ಒಂದಕ್ಕೆ ಸುರಿಯುವುದು ನಮ್ಮ ಮನೆಗಳ ಪದ್ಧತಿ. ಬೇಳೆ ಸುಮ್ಮನಿರುತ್ತದೆ. ನೈಟ್ರಿಕ್ ಆಸಿಡ್ಡಿಗೆ ಸ್ಪಿರಿಟ್ ಸಿಕ್ಕರೆ ಅದು ಮೊದಲು ಸುಮ್ಮನಿದ್ದಂತೆ ನಟಿಸಿ, ಆಮೇಲೆ ಕಾದು, ಅನಿಲವಾಗಿ ಉಬ್ಬಿ, ಹೊರಗೆ ಹೋಗಲು ದಾರಿಯಿಲ್ಲದೆ ಸೀಸೆಯನ್ನೇ ಒಡೆಯುತ್ತದೆ. ರಸಾಯನಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದ ಗುರುಬಸವನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

“ಬೇರೆ ಸೀಸೆ ಕೇಳೋದಕ್ಕೆ ನಿನಗೇನಾಗಿತ್ತು?” ಎಂದು ಗದರಿದರು ಮುಖ್ಯಸ್ಥರು.

“ಹೆದರಿಕಿ ಆಗಿತ್ರಿ ಸರ್. ಹೊಸ ಸೀಸೆ ಕೇಳಿದ್ರ ಯಾಕ ಅಂತೀರಿ, ಹಳದಿ ಅಂತೀರಿ. ಯುಗಾದಿ ಆದಮ್ಯಾಲ ನನ್ನ ಫೋಟೋ ಹಲಗಿ ಮ್ಯಾಲ ಒಂದು ತಿಂಗಳು ಇತ್ರಿ. ಯಾರೋ ಅದನ್ನ ಊರಿಗೆ ಕಳಿಸಿದ್ರು. ನಮ್ಮವ್ವ ‘ನನ್ನ ಮಗ ಏನು ಕಳವು ಮಾಡ್ಯಾನ’ ಅಂತ ಫೋನಿನ್ಯಾಗ ಅತ್ಲು.”

“ಇವತ್ತು ನಲವತ್ತು ಜನರನ್ನು ಕೊಲ್ಲುತ್ತಿದ್ದೆ. ನಿನ್ನ ಜಾಗ ಇನ್ನು ಹಲಗೆ ಅಲ್ಲ, ಗೇಟಿನ ಹೊರಗೆ!”

ವನಜಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. “ಸಾರ್, ಒಂದು ಮಾತು. ನಿಮಗೆ ಬಳೆ ತೊಡಿಸೋಕೆ ಬರುತ್ತಾ?”

“ಏನು?”

“ನಮ್ಮಪ್ಪ ಹೇಳಿಕೊಟ್ಟ ಮೊದಲನೇ ಪಾಠ ಇದು. ತೊಡಿಸುವಾಗ ಬಳೆ ಹೋದ್ರೆ, ಒಡೀತು ಅಂತ ನಾವು ಅನ್ನಲ್ಲ, ಅದು ಅಂಗಡಿದು. ಹೆಂಗಸ್ರ ಹತ್ರ ಕಾಸು ಕೇಳೋ ಹಂಗಿಲ್ಲ, ಮುಖ ಗಂಟಿಕ್ಕೋ ಹಂಗೂ ಇಲ್ಲ. ನಾನು ಚಿಕ್ಕೋಳು, ಒಂದ್ಸಲ ‘ಯಾಕಪ್ಪಾ, ತಪ್ಪು ಅವರದಲ್ವಾ’ ಅಂದೆ. ಅದಕ್ಕೆ ಅಪ್ಪ ಏನಂದ್ರು ಗೊತ್ತಾ? ಹೋದ ಬಳೆಗೆ ದಂಡ ಅಂದ್ರೆ ಹೆಂಗಸ್ರು ಹೆದರಿ ಕೈ ಬಿಗಿ ಹಿಡೀತಾರೆ. ಬಿಗಿ ಹಿಡಿದ ಕೈಯಲ್ಲಿ ಇನ್ನೂ ನಾಲ್ಕು ಹೋಗುತ್ತೆ, ಕೈನೂ ಕುಯ್ಯುತ್ತೆ. ಅಂಗಡಿದು ಅಂತ ಗೊತ್ತಿದ್ರೆ ಕೈ ಸಡಿಲ ಬಿಡ್ತಾರೆ. ಸಡಿಲ ಬಿಟ್ಟ ಕೈಗೆ ಎಂಥ ಬಳೆನಾದ್ರೂ ಏರಿಸಬಹುದು ಅಂತ.” ಅವಳು ಮಕ್ಕಳ ಗುಂಪಿನ ಕಡೆ ಕೈ ತೋರಿಸಿದಳು. “ಇವರೆಲ್ಲಾ ಕೈ ಬಿಗಿ ಹಿಡ್ಕೊಂಡು ನಿಂತವ್ರೆ ಸಾರ್. ನೂರು ದಿನದಿಂದ.”

 ಮೊದಲು ಬಾಯಿಬಿಟ್ಟವರು ವಿಲ್ಮಾ.

“ಆರು ವರ್ಷ ನಾನು ಸೀಸೆಗೆ ಮಾತು ಕಲಿಸಿದ್ದು. ಮನುಷ್ಯರಿಗೆ ಮಾತಾಡ್ಲಿಕ್ಕೆ ಬಿಡ್ಲೇ ಇಲ್ಲ ಅಲ್ವಾ ನಾವು? ಆ ಹಲಗೆ ತೆಗೀರಿ ಸಾರ್. ಹಳದಿ ಆದ್ರೆ ಬೀಗ ಬೇಡ, ಅರ್ಜಿ ಬೇಡ. ಹಳದಿ ಆದ್ರೆ ಉಗ್ರಾಣದವರು ಅಲ್ಲಿಗೆ ಹೋಗಿ ಸಹಾಯ ಮಾಡೋದು, ಅಷ್ಟೇ.”

“ಹಾಗೆ ಮಾಡಿದರೆ ಶಿಸ್ತು ಎಲ್ಲಿ ಉಳಿಯುತ್ತದೆ?” ಎಂದರು ಮುಖ್ಯಸ್ಥರು. ಅವರ ದನಿಯಲ್ಲಿ ಮೊದಲಿನ ಬಿಗುವು ಇರಲಿಲ್ಲ. ಶಾಲಿನ ಒಂದು ತುದಿ ಹರಿದುಕೊಂಡು ನಿಂತಿದ್ದ ಕುಲಪತಿಗಳು ಆಗ ಮೆಲ್ಲಗೆ, “ತಿಪ್ಪೇರುದ್ರಪ್ಪನವರೇ, ಈ ನಿಮ್ಮ ಶಿಸ್ತಿಗೆ ನಾನು ಚಪ್ಪಾಳೆ ಬೇರೆ ತಟ್ಟಿದೆನಲ್ಲ, ತೆಗೆಸಿಬಿಡಿ,” ಎಂದರು. ಹಲಗೆಯನ್ನು ಆ ಮಧ್ಯಾಹ್ನವೇ ಗುರುಬಸವನ ಕೈಯಿಂದಲೇ ಕೀಳಿಸಿದರು.

ಮನೆಯಲ್ಲಿ ಗೋವಿಂದಪ್ಪ ಕಥೆ ಕೇಳಿ ಹೌಹಾರಿದ. “ಇನ್ಮೇಲೆ ಗಂಡುಹುಡುಗ್ರು ಬಂದ್ರೆ ಕೈಯಿರೋ ಹುಡುಗೀನೂ ಕರ್ಕೊಂಡು ಬಾ ಅಂತೀನಿ,” ಎಂದ. ಹಾಗೆ ಹೇಳುತ್ತಲೇ ಹೆಂಡತಿಯ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲೂ ಗಾಯವಿಲ್ಲವೆಂದು ಖಾತ್ರಿ ಮಾಡಿಕೊಂಡ. ಆ ಸಂಜೆ ಕಾಫಿ ಮಾಡಿದವನು ಅವನೇ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಪರದೆಯ ಮೇಲೆ ಮೊದಲ ಹಳದಿ ಚುಕ್ಕೆ ಮೂಡಿತು. ನೂರು ದಿನದ ಮೇಲೆ ಕಂಡ ಹಳದಿ. ವನಜಾಕ್ಷಿ ಕೈಗವಸು ಹಾಕಿಕೊಂಡು ಐದನೇ ಕೋಣೆಗೆ ಹೋದಳು. ತೆಳ್ಳಗಿನ ಹುಡುಗಿಯೊಬ್ಬಳು ಸೀಸೆಯ ಪಕ್ಕ ಹೆದರಿ ನಿಂತಿದ್ದಳು. ಕ್ಲೋರೋಫಾರ್ಮಿನ ಸೀಸೆಗೆ ಮರೆತು ಅಸಿಟೋನ್ ಸುರಿದಿದ್ದಳು. “ಏನೂ ಆಗಿಲ್ಲ ಕಣವ್ವ, ಮುಚ್ಚಿಡ್ಲಿಲ್ವಲ್ಲ, ಅಷ್ಟೇ ಸಾಕು,” ಎಂದು ವನಜಾಕ್ಷಿ ಅದನ್ನು ಬೇರೆ ಮಾಡಿಟ್ಟು, ಹೊಸ ಸೀಸೆ ಕೊಟ್ಟು, ಹೊಸ ಬಳೆ ತೊಡಿಸಿ ಬಂದಳು. ಸುದ್ದಿ ಕಟ್ಟಡದಲ್ಲೆಲ್ಲ ಹರಡಲು ಕಾಲು ಗಂಟೆಯೂ ಬೇಕಾಗಲಿಲ್ಲ. ಉಗ್ರಾಣದ ಕಿಟಕಿಯ ಮುಂದೆ ಸಾಲು ಬೆಳೆಯಿತು. ನೀರಿನ ಸೀಸೆಗಳ ಬಳೆ ಬಿಚ್ಚಿ ತಂದವರು, ಚೀಟಿ ಉದುರಿದ ಸೀಸೆ ಇದೆ ಎಂದವರು, ಕೈತೊಳೆಯುವ ತೊಟ್ಟಿಗೆ ಏನೋ ಸುರಿದೆ ಎಂದು ತಲೆ ತಗ್ಗಿಸಿದವರು. ಹೇಳಿಕೊಂಡ ಒಂದೊಂದನ್ನೂ ವನಜಾಕ್ಷಿ ಹಳದಿ ಎಂದೇ ಪರದೆಗೆ ಏರಿಸಿದಳು, ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಇನ್ನೂರ ಆರು ಹಳದಿ.

ದೆಹಲಿಯ ಹಿರಿಯರು ಇನ್ನೂ ಊರಲ್ಲೇ ಇದ್ದರು. ಅವರು ಪರದೆ ನೋಡಿ ಗಾಬರಿಯಾದರು. “ನಿಮ್ಮ ಯಂತ್ರ ಸೋತಿತಲ್ಲ!” ಎಂದರು.

“ಇಲ್ಲ ಮಾರಾಯ್ರೆ,” ಎಂದು ನಕ್ಕರು ವಿಲ್ಮಾ. “ಅದು ಕೆಲಸ ಶುರು ಮಾಡಿದ್ದೇ ಇವತ್ತು. ನೂರು ದಿನ ಬೇಡ, ಇದನ್ನು ಬರ್ಕೊಳ್ಳಿ.” ಹಿರಿಯರು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು.

ಸಂಜೆ ನಾಲ್ಕಕ್ಕೆ ಸಾಲು ಕರಗಿತು. ವನಜಾಕ್ಷಿ ಕಿಟಕಿ ಮುಚ್ಚಬೇಕು ಎನ್ನುವಾಗ ಪ್ರೊಫೆಸರ್ ತಿಪ್ಪೇರುದ್ರಪ್ಪ ಬಂದು ನಿಂತರು. ಕೈಯಲ್ಲಿ ಏನೂ ಇರಲಿಲ್ಲ. ಅಂಗಿಯ ಕೊರಳ ಗುಂಡಿ ಬಿಚ್ಚಿತ್ತು.

“ವನಜಾಕ್ಷಿಯವರೇ, ನನ್ನ ಹತ್ತಿರವೂ ಒಂದು ಸೀಸೆ ಇದೆ.”

“ತಂದಿಲ್ವಾ ಸಾರ್?”

“ತರುವಂಥದ್ದಲ್ಲ. ನನ್ನ ಕೋಣೆಯ ಬೀರುವಿನಲ್ಲಿದೆ, ಕೆಳಗಿನ ಖಾನೆಯಲ್ಲಿ. ಈಥರ್. ನಾನು ಪಿಎಚ್.ಡಿ. ಮಾಡುವಾಗ ತೆರೆದದ್ದು.”

“ಎಷ್ಟು ವರ್ಷ ಆಯ್ತು?”

“ಇಪ್ಪತ್ತೊಂಬತ್ತು.” ಅವರು ಕಿಟಕಿಯ ಕಟ್ಟೆ ಹಿಡಿದುಕೊಂಡರು. “ಹನ್ನೊಂದು ವರ್ಷದ ಹಿಂದೆ ಒಮ್ಮೆ ನೋಡಿದೆ. ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿತ್ತು. ಬೀರುವಿಗೆ ಬೀಗ ಹಾಕಿದೆ, ಮತ್ತೆ ತೆಗೆಯಲಿಲ್ಲ. ಬಳೆ ತೊಡಿಸಲು ನೀವು ಬಂದಾಗ ಅದರಲ್ಲಿ ಬರೀ ಪುಸ್ತಕ ಅಂದೆ. ಮುಖ್ಯಸ್ಥನಾದವನು ಯಾರಿಗೆ ಹೇಳಬೇಕು ವನಜಾಕ್ಷಿಯವರೇ?”

 ಹಳೆಯ ಈಥರಿನ ಮುಚ್ಚಳದಲ್ಲಿ ಹರಳು ಕಟ್ಟಿದರೆ ಅದನ್ನು ತಿರುಗಿಸುವುದಿರಲಿ, ಅಲುಗಿಸಿದರೂ ಸಿಡಿಯಬಹುದು. ಈ ಮನುಷ್ಯ ಹನ್ನೊಂದು ವರ್ಷದಿಂದ ಅದೇ ಬೀರುವಿಗೆ ಕುರ್ಚಿಯ ಬೆನ್ನು ಆನಿಸಿಕೊಂಡು ಕೂತಿದ್ದರು. ಅವರನ್ನು ನೋಡಲು ದಿನಕ್ಕೆ ಹತ್ತಾರು ಮಕ್ಕಳು ಆ ಕೋಣೆಗೆ ಹೋಗಿ ಬರುತ್ತಿದ್ದರು. ಬಾಯಿಗೆ ಬಂದ ಬೈಗುಳವನ್ನು ಅವಳು ನುಂಗಿಕೊಂಡಳು. ನುಂಗಿಕೊಂಡ ಮೇಲೆ ಒಳಗೆ ಉಳಿದದ್ದು ಬರೀ ಅಯ್ಯೋ ಪಾಪ.

“ಹೇಳಿದ್ದು ಬಹಳ ಒಳ್ಳೇದಾಯ್ತು ಸಾರ್. ಒಳಗೆ ಬಂದು ಕೂತ್ಕೊಳ್ಳಿ. ಆ ಕೋಣೆ ಕಡೆ ಮಾತ್ರ ಇವತ್ತು ಯಾರೂ ಹೋಗೋದು ಬೇಡ.”

“ನನ್ನ ಹೆಸರು ಬರೆದುಕೊಳ್ಳಬೇಕಾ?”

“ಬೇಡ ಸಾರ್,” ಎಂದು ಅವಳು ಫೋನ್ ಕೈಗೆತ್ತಿಕೊಂಡಳು.

ಬಾಂಬ್ ನಿಷ್ಕ್ರಿಯ ದಳದವರು ಬಂದರು. ಕಟ್ಟಡ ಖಾಲಿ ಮಾಡಿಸಿ, ಉದ್ದ ತೋಳಿನ ಯಂತ್ರದಿಂದ ಸೀಸೆಯನ್ನು ಹಗುರಾಗಿ ಎತ್ತಿ, ದಪ್ಪ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಊರಾಚೆಯ ಪಾಳು ಕಲ್ಲುಗಣಿಗೆ ಒಯ್ದರು. ಹೊತ್ತು ಮುಳುಗುವ ಮುನ್ನ ಅಲ್ಲಿಂದ ಬಂದ ಸದ್ದಿಗೆ ಹಾಲುಗುಂಡಿಯ ಕಾಗೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಹೊಂಗೆಮರದ ಕೆಳಗೆ ನಿಂತಿದ್ದ ಮಕ್ಕಳು ಕಿವಿ ಮುಚ್ಚಿಕೊಂಡರು. ಅವರ ನಡುವೆ ತಿಪ್ಪೇರುದ್ರಪ್ಪನವರೂ ಕಾಫಿ ಲೋಟ ಹಿಡಿದು ನಿಂತಿದ್ದರು.

ಗುರುಬಸವ ಕಣ್ಣರಳಿಸಿ ಗಣಿಯ ಕಡೆಯ ಹೊಗೆ ನೋಡಿದ. “ಅಬ್ಬಾ, ನಂದು ಇದರ ಮುಂದ ಏನೂ ಅಲ್ಲ ಬಿಡ್ರಿ! ಯಾರದ್ರೀ ಮೇಡಂ ಆ ಸೀಸೆ?”

ಮುಖ್ಯಸ್ಥರು ಲೋಟ ಕೆಳಗಿಟ್ಟು ಬಾಯಿ ತೆರೆಯುವಷ್ಟರಲ್ಲಿ ವನಜಾಕ್ಷಿ ಉತ್ತರ ಕೊಟ್ಟಾಗಿತ್ತು.

“ಅಂಗಡಿದು,” ಎಂದಳು.